ಪಡ್ರೆಯ ಹೆಲಿಕಾಪ್ಟರ್ ಮತ್ತು ನಿನ್ನ ಪ್ರಶ್ನೆ

ಪ್ರೀತಿಯ ಗೆಳೆಯಾ,

ಮೊನ್ನೆ ಬೇಳದ ಇಗರ್ಜಿಯ ಮುಂದೆ ಬೈಕ್ ನಿಲ್ಲಿಸಿ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ಬೇಜಾರಾಯಿತಾ ಅಂತ ಆಮೇಲೆ ನೀನೇ ಮೆಸೇಜ್ ಹಾಕಿದೆ. ಬೇಜಾರಿಲ್ಲ ಮಾರಾಯ. ಯೋಚಿಸಬೇಕಿತ್ತು, ಅಷ್ಟೇ.

"ನಮ್ಮ ಕಾಸರಗೋಡಿನ ಪಡ್ರೆಯ ಗೇರು ಗುಡ್ಡೆಗಳ ಮೇಲೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಕೀಟನಾಶಕ ಸುರಿಯುವಾಗ ನಿಮ್ಮ ದೇವರು ಎಲ್ಲಿದ್ದ?"

ನಮ್ಮದು ಪರದೇಶದ ಧರ್ಮ ಎನ್ನುವವರ ಹತ್ತಿರ ನಾನು ವಾದಕ್ಕೆ ನಿಲ್ಲುವುದಿಲ್ಲ. ಮೊಂತಿ ಹಬ್ಬಕ್ಕೆ, ಅಂದರೆ ನಮ್ಮ ತೆನೆ ಹಬ್ಬಕ್ಕೆ ಬಂದು ಹೊಸ ಅಕ್ಕಿಯ ಊಟ ಮಾಡಿ ಹೋಗಿ ಅನ್ನುತ್ತೇನೆ. ನಿನ್ನದು ಹಾಗೆ ನಕ್ಕು ಬಿಡುವ ಪ್ರಶ್ನೆ ಅಲ್ಲ. ಗೇರಿನ ಹೂವಿಗೆ ಬರುವ, 'ಟೀ ಸೊಳ್ಳೆ' ಅಂತ ಕರೆಯುವ ಒಂದು ಕೀಟವನ್ನು ಕೊಲ್ಲಲು ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಆ ವಿಷ ಸುರಿಯಿತು. ತೋಡಿಗೆ, ಗುಡ್ಡ ಕೊರೆದು ಮಾಡಿದ ಸುರಂಗದ ನೀರಿಗೆ, ಎಲ್ಲದಕ್ಕೂ ಸೇರಿತು. ಮನೆಮನೆಯಲ್ಲಿ ಕಾಯಿಲೆ, ಅಂಗವೈಕಲ್ಯದ ಮಕ್ಕಳು ಕಾಣಿಸಿಕೊಂಡರು.

ನಾನೂ ಅಂಥ ಒಂದು ಮನೆಯಲ್ಲಿ ಕೂತು "ಎಲ್ಲ ದೇವರ ಚಿತ್ತ" ಅಂದವನೇ. ಆ ತಾಯಿ ಮಗನ ಜೊಲ್ಲು ಒರೆಸುತ್ತಾ ನನ್ನನ್ನು ಒಮ್ಮೆ ನೋಡಿದರು. ಏನೂ ಹೇಳಲಿಲ್ಲ. ಆಮೇಲೆ ಆ ಮಾತು ನನ್ನ ಬಾಯಿಗೆ ಬಂದಿಲ್ಲ. ಗೇರುಬೀಜದ ಲೆಕ್ಕಾಚಾರವನ್ನು ದೇವರ ತಲೆಗೆ ಕಟ್ಟಿದೆನಲ್ಲಾ ಅನಿಸಿತು.

ಯೊವಾನ್ನರ ಶುಭಸಂದೇಶದಲ್ಲಿ ಒಬ್ಬ ಹುಟ್ಟುಕುರುಡ ಬರುತ್ತಾನೆ. ಪಾಪ ಯಾರದ್ದು, ಇವನದ್ದಾ, ಅಪ್ಪ ಅಮ್ಮನದ್ದಾ ಅಂತ ಶಿಷ್ಯರು ಕೇಳುತ್ತಾರೆ. ಯಾರದ್ದೂ ಅಲ್ಲ ಅನ್ನುತ್ತಾರೆ ಯೇಸು. ಪಡ್ರೆಯಲ್ಲೂ ಮೊದಮೊದಲು ಇದು ದೈವದ ಮುನಿಸು ಅಂತಲೇ ನಂಬಿದವರಿದ್ದರು ಅಲ್ವಾ? ಅದಕ್ಕೇ ಆ 'ಅಲ್ಲ' ನನಗೆ ದೊಡ್ಡದು. ಆದರೆ, ದೇವರ ಕೆಲಸ ಇವನಲ್ಲಿ ಕಾಣಲಿ ಅಂತ ಹೀಗಾಯಿತು ಎನ್ನುವ ಮಾತೂ ಅಲ್ಲೇ ಇದೆ. ಅದು ನನ್ನ ಗಂಟಲಲ್ಲೂ ಸಿಕ್ಕಿಕೊಳ್ಳುತ್ತದೆ, ಸುಳ್ಳು ಯಾಕೆ ಹೇಳಲಿ.

ಮತ್ತೆ ಎಲ್ಲಿದ್ದ? ಶಿಲುಬೆಯ ಮೇಲೆ ಯೇಸುವೇ "ನನ್ನ ದೇವರೇ, ನನ್ನನ್ನು ಯಾಕೆ ಕೈಬಿಟ್ಟೆ" ಎಂದು ಕೂಗಿದರು. ಆಗಲೂ ಆಕಾಶದಿಂದ ಉತ್ತರ ಬರಲಿಲ್ಲ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ, ಆದರೂ ಆ ಸಾವಿನ ಮೇಲೆ 'ಗೊಲ್ಗೊಥಾ' ಬರೆದರು. ಆ ನೋವು ಕಾಣಲು ಜ್ಞಾನಸ್ನಾನ ಆಗಿರಬೇಕಾಗಿಲ್ಲ ನೋಡು. ದೇವರು ಆ ಮಗುವಿನ ಚಾಪೆಯ ಮೇಲೇ ಮಲಗಿದ್ದ ಅಂತ ನಾನು ನಂಬುತ್ತೇನೆ. ನಿನಗೆ ಇದು ಪುರಾವೆ ಆಗುವುದಿಲ್ಲ, ಗೊತ್ತು.

ಪ್ರಾರ್ಥನೆಯಿಂದ ಏನಾಯಿತು ಅಂತಲೂ ನೀನು ಕೇಳಿದೆ. ಒಪ್ಪಿದೆ, ಹೆಲಿಕಾಪ್ಟರ್ ನಿಂತದ್ದು ಊರಿನ ಡಾಕ್ಟರು, ಪತ್ರಕರ್ತರು, ಕೋರ್ಟಿಗೆ ಹೋದವರು ಹಟ ಹಿಡಿದದ್ದರಿಂದ. 2017ರಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ 3 ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದ ಮೇಲೂ ಜನ ವರ್ಷಗಟ್ಟಲೆ ಅಲೆದರು.

ಆ ತಾಯಿಯ ಇನ್ನೊಂದು ಅರ್ಜಿ ಬರೆಯುವುದಿದೆ. ಶನಿವಾರ ಹೋಗುತ್ತೇನೆ. ನೀನು ಬರುವುದಿದ್ದರೆ ಬೈಕ್ ತಾ, ಆ ಕಡೆ ಬಸ್ಸು ಕಾದು ಸಾಕಾಗಿದೆ.

ನಿನ್ನ,
ಬೇಳದ ಗೆಳೆಯ