ಬಿಡುವು ಅನ್ನುವ ಮಾತು

ಪುಟ್ಟಿ,

ಮೊನ್ನೆ ವಿಡಿಯೋ ಕಾಲ್‌ನಲ್ಲಿ ನೀನು ಹೇಳಿದ ಒಂದು ಮಾತು ನನ್ನ ತಲೆಯಲ್ಲೇ ಕೂತುಬಿಟ್ಟಿದೆ. "ಭಾನುವಾರ ರಿಲ್ಯಾಕ್ಸ್ ಆಗಬೇಕಮ್ಮ, ಏನೇನು ಮಾಡಬೇಕು ಅಂತ ಲಿಸ್ಟ್ ಹಾಕಿಟ್ಟಿದ್ದೀನಿ" ಅಂದೆ. ಹಾಗನ್ನುವಾಗಲೂ ನಿನ್ನ ದವಡೆ ಬಿಗಿದಿತ್ತು. ಭುಜ ಎರಡೂ ಕಿವಿ ಹತ್ತಿರ ಏರಿದ್ದವು. ನಿನಗೆ ಅದು ಗೊತ್ತೇ ಆಗಲಿಲ್ಲ ಅನ್ನಿಸುತ್ತದೆ.

'ರಿಲ್ಯಾಕ್ಸ್' ಅನ್ನುವ ಆ ಪದ ಎಲ್ಲಿಂದ ಬಂತು ಅಂತ ಹುಡುಕಿದೆ. ಲ್ಯಾಟಿನ್‌ನಲ್ಲಿ 'ಲಾಕ್ಸುಸ್' ಅಂದರೆ ಸಡಿಲ. ಅದರಿಂದ 'ರೆಲಾಕ್ಸಾರೆ', ಬಿಗಿದದ್ದನ್ನು ಸಡಿಲ ಬಿಡುವುದು. ಅಷ್ಟೇ ಅದರ ಅರ್ಥ. ಹೊಸದಾಗಿ ಏನನ್ನೂ ಮಾಡುವುದಲ್ಲ. ಸರ್ಕಾರಿ ಕೆಲಸದ ಜಾಹೀರಾತಿನಲ್ಲಿ 'ವಯೋಮಿತಿ ಸಡಿಲಿಕೆ' ಅಂತ ಇರುತ್ತದಲ್ಲ, ಇಂಗ್ಲಿಷಿನಲ್ಲಿ ಅಲ್ಲಿರುವುದೂ ರಿಲ್ಯಾಕ್ಸೇಶನ್ ಅನ್ನುವ ಪದವೇ.

ನನಗೆ ಖುಷಿಯಾದದ್ದು ಇನ್ನೊಂದು ವಿಷಯಕ್ಕೆ. 'ರಿಲೀಸ್' ಕೂಡ ಇದೇ ಬೇರಿನಿಂದ, ಹಳೆಯ ಫ್ರೆಂಚ್ ಹಾದಿಯಲ್ಲಿ ಬಂದದ್ದು. ನಮ್ಮಲ್ಲಿ ನೋಡು: 'ಬಿಡು' ಅನ್ನುವ ಒಂದೇ ಪದದಿಂದ ಬಿಡುವು, ಬಿಡುಗಡೆ ಎರಡೂ ಹುಟ್ಟಿವೆ. ಒಬ್ಬರನ್ನೊಬ್ಬರು ಕೇಳದೆ ಎರಡು ಭಾಷೆಯ ಜನ ಒಂದೇ ಥರ ಯೋಚಿಸಿದ್ದಾರೆ. ನಾವು ದಿನಾ "ಬಿಡುವಿಲ್ಲ, ಬಿಡುವಿಲ್ಲ" ಅನ್ನುತ್ತೇವೆ. ಅದರೊಳಗೆ ಬಿಡುವ ಕೆಲಸ ಇದೆ ಅಂತ ನಾನೂ ಇಷ್ಟು ವರ್ಷ ಗಮನಿಸಿರಲಿಲ್ಲ.

ಸಡಿಲ ಅನ್ನುವುದು ಸಂಸ್ಕೃತದ 'ಶಿಥಿಲ'ದ ತದ್ಭವ. ಪತಂಜಲಿಯ ಯೋಗಸೂತ್ರದ ಎರಡನೇ ಪಾದದಲ್ಲಿ, 47ನೇ ಸೂತ್ರದಲ್ಲಿ, ಆಸನ ಹೇಗೆ ಕೂಡಿಬರುತ್ತದೆ ಅಂತ ಹೇಳುವಾಗ 'ಪ್ರಯತ್ನಶೈಥಿಲ್ಯ' ಅನ್ನುವ ಮಾತು ಬರುತ್ತದೆ. ಪ್ರಯತ್ನವನ್ನೇ ಸಡಿಲ ಮಾಡುವುದು! ಇದನ್ನು ಓದಿ ನಿನ್ನ ಲಿಸ್ಟ್ ನೆನಪಾಯಿತು ಕಂದಾ.

ಧಾರವಾಡದ ಅಜ್ಜಿ ಫೋನ್ ಮಾಡಿದರೆ ಮೊದಲು ಕೇಳುವುದು "ಆರಾಮ ಇದ್ದೀಯೇನವಾ?" ಅಂತ. ಮೈ ಸರಿಯಿಲ್ಲದಿದ್ದರೆ "ಆರಾಮಿಲ್ಲ" ಅನ್ನುತ್ತಾರೆ. ಅವರಿಗೆ ಆರೋಗ್ಯಕ್ಕೂ ನೆಮ್ಮದಿಗೂ ಬೇರೆ ಬೇರೆ ಪದ ಬೇಕೇ ಇಲ್ಲ. ಎಷ್ಟು ಒಳ್ಳೆಯ ಮಾತು ಅಲ್ವಾ?

ನೀನು ಸ್ಕೂಲಿಗೆ ಹೋಗುವಾಗ ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ, ಮಡಿಸಿ ಕಳಿಸುತ್ತಿದ್ದೆ. ಸಂಜೆ ಬಂದವಳೇ ಬ್ಯಾಗ್ ಎಸೆದು, ನನ್ನ ಮುಂದೆ ಬೆನ್ನು ಹಾಕಿ ಕೂರುತ್ತಿದ್ದೆ. ರಿಬ್ಬನ್ ಬಿಚ್ಚಿ, ಹೆಣಿಗೆಯ ಒಂದೊಂದೇ ಎಳೆಯನ್ನು ಬಿಡಿಸುತ್ತಾ ಮೇಲಕ್ಕೆ ಬಂದರೆ ಕೂದಲು ಅಲೆ ಅಲೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ಬುಡಕ್ಕೆ ಬೆರಳು ಹಾಕಿ ಸುಮ್ನೆ ಆಡಿಸಿದರೆ ನಿನ್ನ ತಲೆ ತಾನಾಗಿಯೇ ನನ್ನ ಮೊಣಕಾಲಿಗೆ ವಾಲುತ್ತಿತ್ತು. "ಹಗುರಾಯ್ತಮ್ಮ" ಅನ್ನುತ್ತಿದ್ದೆ. ಆಗ ನಿನಗೆ ಆ ಇಂಗ್ಲಿಷ್ ಪದವೇ ಗೊತ್ತಿರಲಿಲ್ಲ.

ಈಗ ನಿನ್ನ ಬಿಗಿತ ನಿನಗೇ ಕಾಣದಷ್ಟು ಅಭ್ಯಾಸವಾಗಿದೆ. ನೂರು ವರ್ಷದ ಹಿಂದೆ ಅಮೆರಿಕದ ಶಿಕಾಗೋದಲ್ಲಿ ಎಡ್ಮಂಡ್ ಜೇಕಬ್ಸನ್ ಅನ್ನುವ ವೈದ್ಯರು ಇಂಥವರಿಗೇ ಒಂದು ಉಪಾಯ ಹೇಳಿಕೊಟ್ಟರು. ಒಂದು ಸ್ನಾಯುವನ್ನು ಬೇಕೆಂದೇ ಬಿಗಿಹಿಡಿಯುವುದು, ಆಮೇಲೆ ಬಿಟ್ಟುಬಿಡುವುದು. ಕೈ ಆಯಿತು, ಭುಜ ಆಯಿತು, ಮುಖ ಆಯಿತು, ಹೀಗೆ ಒಂದೊಂದಾಗಿ. ಬಿಗಿ ಹೇಗಿರುತ್ತದೆ ಅಂತ ಗೊತ್ತಾದರೆ ತಾನೇ ಬಿಡಲು ಬರುವುದು?

ಲಿಸ್ಟ್ ಪಕ್ಕಕ್ಕಿಡು. ಈಗ ಮುಷ್ಟಿ ಕಟ್ಟು. ಐದು ಎಣಿಸು. ಬಿಡು. ಆಮೇಲೆ ದವಡೆ.

ನಿನ್ನ
ಅಮ್ಮ