ಫೋನಿನಲ್ಲಿ ಹೇಳಿದ ಆರ್ಡರ್

ಅರಸೀಕೆರೆ
ಭಾನುವಾರ ರಾತ್ರಿ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಗುರುವಾರ ಬಂತು. ಇಲ್ಲಿನ ಸಮಾಚಾರವೆಲ್ಲ ನಿಮ್ಮಮ್ಮ ಫೋನಲ್ಲಿ ಹೇಳಿರುತ್ತಾಳೆ, ಅದನ್ನೇ ಮತ್ತೆ ಬರೆಯೋದಿಲ್ಲ. ಹಾಸ್ಟೆಲ್ ಊಟ, ಗೆಳತಿಯ ಮದುವೆ, ನರ್ಸ್ ಕೆಲಸದ ಮೊದಲ ಸಂಬಳದ ಸೀರೆ ಎಲ್ಲ ಖುಷಿಯಾಗಿ ಓದಿಕೊಂಡು ಬಂದೆ. ಕೊನೆಯ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಸಾಲು ಬರೆದಿದ್ದೀಯ. "ರಾತ್ರಿ ಡಾಕ್ಟರ್ ಫೋನಲ್ಲಿ ಇಂಜೆಕ್ಷನ್ ಹೇಳ್ತಾರೆ, ಬೆಳಿಗ್ಗೆ ಕೇಸ್ ಶೀಟಿಗೆ ಸೈನ್ ಹಾಕಲ್ಲ. ಏನಾದ್ರೂ ಆದ್ರೆ ಅವರಿಗೆ ಎರಡು ವರ್ಷ, ನನಗೆ ಐದು ವರ್ಷ ಜೈಲಂತೆ, ನಿಜಾನಾ ದೊಡ್ಡಮ್ಮ?" ಅದನ್ನು ಓದಿದ ಮೇಲೆ ಮೂರು ರಾತ್ರಿಯಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಏನೋ ಒಂದು ಹೇಳಿ ಸಮಾಧಾನ ಮಾಡಿಬಿಡೋಣ ಅಂತ ಅನ್ನಿಸಿತು. ಮನಸ್ಸು ಒಪ್ಪಲಿಲ್ಲ. ನಿಜ ಕಣೇ. ಪಕ್ಕದ ಬೀದಿಯ ವಕೀಲರ ಮನೆಗೆ ಹೋಗಿ ಪುಸ್ತಕ ತೆಗೆಸಿ ನೋಡಿದೆ. ನಾನು ನರ್ಸ್ ಕೆಲಸದಲ್ಲಿದ್ದಾಗ ಹಳೆಯ ದಂಡ ಸಂಹಿತೆ, ಅಂದರೆ ಐಪಿಸಿಯ 304ಎ ಕಲಮು ಇತ್ತು. ನಿರ್ಲಕ್ಷ್ಯದಿಂದ ಸಾವಾದರೆ ಎರಡು ವರ್ಷದವರೆಗೆ ಶಿಕ್ಷೆ. ಡಾಕ್ಟರಿಗೂ ಅಷ್ಟೇ, ನರ್ಸಿಗೂ ಅಷ್ಟೇ, ಲಾರಿ ಡ್ರೈವರಿಗೂ ಅಷ್ಟೇ. 2024ರ ಜುಲೈ 1ರಿಂದ ಐಪಿಸಿ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತಲ್ಲ, ಅದರ 106ನೇ ಕಲಮಿನಲ್ಲಿ ಐದು ವರ್ಷದವರೆಗೆ ಅಂತ ಇದೆ. ಚಿಕಿತ್ಸೆ ಕೊಡುವಾಗ ನೋಂದಾಯಿತ ವೈದ್ಯರಿಂದ ಹಾಗಾದರೆ ಮಾತ್ರ ಎರಡು ವರ್ಷದವರೆಗೆ. ನೋಂದಾಯಿತ ವೈದ್ಯರು ಅಂದರೆ ಯಾರು ಅಂತ ಕೆಳಗೆ ವಿವರಣೆ ಬೇರೆ ಕೊಟ್ಟಿದ್ದಾರೆ: ವೈದ್ಯರ ರಿಜಿಸ್ಟರಿನಲ್ಲಿ ಹೆಸರಿರುವವರು. ನಮ್ಮ ಹೆಸರಿರುವುದು ನರ್ಸಿಂಗ್ ಕೌನ್ಸಿಲ್ ರಿಜಿಸ್ಟರಿನಲ್ಲಿ. ವಕೀಲರು ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಕನ್ನಡಕ ತೆಗೆದಿಟ್ಟು, "ಹೌದಮ್ಮ, ನೀವು ಇದರೊಳಗೆ ಬರೋದಿಲ್ಲ" ಅಂದರು. ಒಂದೇ ಮಂಚದ ಆ ಕಡೆ ಈ ಕಡೆ ನಿಂತು ಒಬ್ಬ ರೋಗಿಯನ್ನೇ ನೋಡುವ ಇಬ್ಬರಿಗೆ ಹೀಗೆ ಬೇರೆ ಬೇರೆ ಲೆಕ್ಕ ಹಾಕಿರೋದು ನನಗಂತೂ ಅನ್ಯಾಯ ಅನ್ನಿಸುತ್ತದೆ.

ಆದರೆ ಆ "ವರೆಗೆ" ಅನ್ನೋ ಮಾತನ್ನು ಬಿಟ್ಟು ಓದಬೇಡ. ಇನ್ನೊಂದು ವಿಷಯವನ್ನೂ ವಕೀಲರು ತೋರಿಸಿದರು. ಜೇಕಬ್ ಮ್ಯಾಥ್ಯೂ ಅನ್ನುವವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ, ಕ್ರಿಮಿನಲ್ ಕೇಸ್ ನಿಲ್ಲಬೇಕಾದರೆ ಸಣ್ಣಪುಟ್ಟ ತಪ್ಪು ಸಾಲದು, ನಿರ್ಲಕ್ಷ್ಯ ಬಹಳ ದೊಡ್ಡದಾಗಿರಬೇಕು ಅಂತ. ಬೇರೆ ಡಾಕ್ಟರರ ಅಭಿಪ್ರಾಯ ತೆಗೆದುಕೊಳ್ಳದೆ ಮುಂದುವರಿಯಬಾರದು, ದೂರು ಬಂತು ಅಂತ ಸುಮ್ನೆ ಅರೆಸ್ಟ್ ಮಾಡಬಾರದು ಅಂತಲೂ ಇದೆ. ಆ ರಕ್ಷಣೆಯ ಮಾತುಗಳನ್ನು ಬರೆದಿರುವುದು ಡಾಕ್ಟರುಗಳ ಬಗ್ಗೆ. ಆದರೂ ತಪ್ಪನ್ನು ಅಳೆಯುವ ಅಳತೆ ನಮಗೂ ಅದೇ ಅಂತ ವಕೀಲರು ಹೇಳಿದರು. ಅದನ್ನು ಕೇಳಿ ನನಗೆ ಸ್ವಲ್ಪ ಉಸಿರು ಬಂತು. ನಿನಗೂ ಬರಲಿ.

ಇಷ್ಟು ಹೇಳಿದರೂ ನಿನ್ನ ಭಯ ಹೋಗುವುದಿಲ್ಲ ಅಂತ ಗೊತ್ತು. ಫೋನಿನಲ್ಲಿ ಹೇಳಿದ ಮಾತಿಗೆ ಸಾಕ್ಷಿ ಎಲ್ಲಿದೆ, ಅಲ್ವಾ?

ನಿನಗೆ ಒಂದು ವಿಷಯ ಹೇಳಬೇಕು. ನಿಮ್ಮಮ್ಮನಿಗೂ ಹೇಳಿಲ್ಲ. 1988ರ ಮಳೆಗಾಲ. ಯಾವ ಊರು, ಯಾವ ಆಸ್ಪತ್ರೆ ಅಂತ ಬರೆಯೋದಿಲ್ಲ. ಹೆಂಗಸರ ವಾರ್ಡಿನಲ್ಲಿ ನಾನು, ನನಗಿಂತ ಎರಡು ವರ್ಷ ಚಿಕ್ಕವಳೊಬ್ಬಳು, ಇಬ್ಬರೇ ನೈಟ್ ಡ್ಯೂಟಿ. ಮಂಚ ಸಾಲದೆ ನೆಲದ ಮೇಲೂ ರೋಗಿಗಳು. ರಾತ್ರಿ ಎರಡರ ಹೊತ್ತಿಗೆ ಒಬ್ಬ ಆಸ್ತಮಾ ರೋಗಿಗೆ ಉಸಿರು ಕಟ್ಟಿತು. ಇನ್ನೂ ಮೂವತ್ತು ತುಂಬಿರಲಿಲ್ಲ, ಕೈತುಂಬ ಕೆಂಪು ಗಾಜಿನ ಬಳೆ. ಡಾಕ್ಟರು ಕ್ವಾರ್ಟರ್ಸಿನಲ್ಲಿದ್ದರು. ಆ ಹುಡುಗಿ ಫೋನ್ ಮಾಡಿದಳು. ನಾನು ಅವಳ ಪಕ್ಕದಲ್ಲೇ ನಿಂತು ಸ್ಟೆರಿಲೈಸರಿನಿಂದ ಗಾಜಿನ ಸಿರಿಂಜ್ ತೆಗೆಯುತ್ತಿದ್ದೆ. "ಅಮೈನೋಫಿಲಿನ್ ಅಲ್ವಾ ಸಾರ್, ಐವಿ, ಸರಿ ಸಾರ್" ಅಂತ ಅವಳು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಅವಳು ಇಂಜೆಕ್ಷನ್ ಕೊಟ್ಟಳು. ಬೆಳಗಿನ ಜಾವ ಆ ಹೆಂಗಸು ತೀರಿಕೊಂಡಳು. ಔಷಧಿಯಿಂದಲೋ ಕಾಯಿಲೆಯಿಂದಲೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಕೇಸ್ ಶೀಟಿನಲ್ಲಿ ಏನೂ ಬರೆದಿರಲಿಲ್ಲ. ಎನ್‌ಕ್ವೈರಿಯಲ್ಲಿ ಡಾಕ್ಟರು "ನಾನು ಹೇಳೇ ಇಲ್ಲ" ಅಂದರು. ನನ್ನನ್ನು ಕರೆದು ಕೇಳಿದರು. ನನ್ನ ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಮನೆಯಲ್ಲಿ ನಿಮ್ಮ ತಾತ ಹಾಸಿಗೆ ಹಿಡಿದಿದ್ದರು. "ನಾನು ವಾರ್ಡಿನ ಆ ತುದಿಯಲ್ಲಿದ್ದೆ, ಏನೂ ಕೇಳಿಸಲಿಲ್ಲ" ಅಂತ ಹೇಳಿಬಿಟ್ಟೆ.

ಅವಳನ್ನು ಸಸ್ಪೆಂಡ್ ಮಾಡಿದರು. ಪೆಟ್ಟಿಗೆ ತೆಗೆದುಕೊಂಡು ಹೋಗುವ ದಿನ ನನ್ನ ಮುಖ ನೋಡಿದಳು, ಮಾತಾಡಲಿಲ್ಲ. ಮತ್ತೆ ಕೆಲಸಕ್ಕೆ ಬರಲೇ ಇಲ್ಲ. ಅಲ್ಲಿಂದ ನಾನು ಮೂವತ್ತು ವರ್ಷ ಸರ್ವೀಸ್ ಮಾಡಿದೆ, ಇನ್‌ಚಾರ್ಜ್ ಸಿಸ್ಟರ್ ಆದೆ, ಪೆನ್ಷನ್ ಬರುತ್ತಿದೆ. ನಿನ್ನ ಆ ಎರಡು ಸಾಲು ಓದಿದಾಗ ಅವಳೇ ಬರೆದ ಹಾಗಾಯಿತು. ಅದಕ್ಕೇ ನಿದ್ದೆ ಬಾರದಿದ್ದದ್ದು.

ಈಗ ಯೋಚಿಸಿದರೆ ಒಂದೇ ಒಂದು ಸಾಲು ಬರೆದಿದ್ದರೂ ಅವಳು ಉಳಿಯುತ್ತಿದ್ದಳು. ಫೋನ್ ಬಂದ ಗಂಟೆ, ಡಾಕ್ಟರ ಹೆಸರು, ಔಷಧಿ, ಡೋಸ್, ಕೆಳಗೆ ಅವಳ ಸೈನ್, ಪಕ್ಕದಲ್ಲಿ ನನ್ನ ಸೈನ್. ನೀನು ಹಾಗೆ ಬರೆಯುತ್ತೀಯಾ? ಬರೆಯುತ್ತೀಯ ಅಂತ ನಂಬಿದ್ದೇನೆ. ಸಾಧ್ಯವಾದರೆ ಫೋನನ್ನು ಸ್ಪೀಕರಿಗೆ ಹಾಕಿ ಇನ್ನೊಬ್ಬ ಸಿಸ್ಟರಿಗೂ ಕೇಳಿಸು. ಅವರು ಹೇಳಿದ್ದನ್ನು ನೀನು ತಿರುಗಿ ಓದಿ ಹೇಳು. ಫಿಫ್ಟೀನ್, ಫಿಫ್ಟಿ ಎರಡೂ ಫೋನಲ್ಲಿ ಒಂದೇ ಥರ ಕೇಳಿಸುತ್ತವೆ. "ಒನ್ ಫೈವ್ ಅಲ್ವಾ ಸಾರ್" ಅಂತ ಬಿಡಿಸಿ ಕೇಳಬೇಕು. ಬೈದರೆ ಬೈಯಲಿ.

ಇದನ್ನೆಲ್ಲ ಹೇಳೋದು ಸುಲಭ. ರಾತ್ರಿ ಮೂರು ಗಂಟೆಗೆ ಹದಿನೈದು ರೋಗಿಗಳನ್ನು ಒಬ್ಬಳೇ ನೋಡುವಾಗ ಪೆನ್ನು ಹುಡುಕಲೂ ಪುರಸೊತ್ತು ಇರೋದಿಲ್ಲ, ನನಗೆ ಗೊತ್ತಿಲ್ಲವೇ. ನಾವು ಓದುವಾಗ ಪುಸ್ತಕದಲ್ಲಿದ್ದ ಲೆಕ್ಕದಷ್ಟು ನರ್ಸುಗಳನ್ನು ಯಾವ ವಾರ್ಡಿನಲ್ಲೂ ನಾನು ನೋಡಲಿಲ್ಲ. ಆದರೂ ಕೆಲವು ಔಷಧಿಗಳನ್ನು ಮಾತ್ರ ಫೋನಿನ ಮಾತಿನ ಮೇಲೆ ಕೊಡಬೇಡ ಮಗಳೇ. ಪೊಟ್ಯಾಸಿಯಂ ಕ್ಲೋರೈಡ್ ಡೈಲ್ಯೂಟ್ ಮಾಡದೆ ಸೀದಾ ರಕ್ತನಾಳಕ್ಕೆ ಹೋದರೆ ಹೃದಯ ಅಲ್ಲೇ ನಿಲ್ಲಬಹುದು. ಆಂಪೂಲ್ ನೋಡಲು ಡಿಸ್ಟಿಲ್ಡ್ ವಾಟರಿನ ಹಾಗೇ ಇರುತ್ತದೆ. ಇನ್ಸುಲಿನ್ ಕೊಡುವಾಗ ಬಾಟಲಿ ಮಿಲಿಗೆ 40 ಯೂನಿಟ್ಟಿನದೋ 100 ಯೂನಿಟ್ಟಿನದೋ ನೋಡಿ, ಕೆಂಪು ಮುಚ್ಚಳದ ಸಿರಿಂಜೋ ಕಿತ್ತಳೆ ಮುಚ್ಚಳದ್ದೋ ಹೊಂದಿಸಿಕೊ. ಇದೆಲ್ಲ ನಿನಗೆ ಗೊತ್ತಿರುವುದೇ. ಹೆದರಿಕೆಯಲ್ಲಿ ಬರೆಯುತ್ತಾ ಹೋಗುತ್ತಿದ್ದೇನೆ.

ಬರೆದದ್ದು ತಪ್ಪಾದರೆ ವೈಟ್ನರ್ ಹಚ್ಚಬೇಡ. ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆದು ಸೈನ್ ಹಾಕು. ಆಮೇಲೆ ತಿದ್ದಿದ್ದು ಅಂತ ಗೊತ್ತಾದರೆ ಮಾಡದ ತಪ್ಪೂ ತಲೆಗೆ ಬರುತ್ತದೆ.

ಸೈನ್ ವಿಷಯಕ್ಕೆ ಬರ್ತೀನಿ. ಫೋನ್ ಆರ್ಡರಿಗೆ ಎಷ್ಟು ಗಂಟೆಯೊಳಗೆ ಸೈನ್ ಆಗಬೇಕು ಅಂತ ನಿಮ್ಮ ಆಸ್ಪತ್ರೆಯ ಪಾಲಿಸಿ ಪುಸ್ತಕದಲ್ಲಿ ಇರುತ್ತದೆ, ಇನ್‌ಚಾರ್ಜ್ ಸಿಸ್ಟರನ್ನು ಕೇಳು. ಹ್ಯಾಂಡೋವರ್ ಕೊಡುವಾಗ "ಈ ಆರ್ಡರಿಗೆ ಸೈನ್ ಬಾಕಿ" ಅಂತ ರಿಪೋರ್ಟ್ ಬುಕ್ಕಿನಲ್ಲೇ ಬರೆ. ಮುಖ ನೋಡಿ ಕೇಳಲು ಭಯವಾದರೆ ಪುಸ್ತಕ ನಿನ್ನ ಪರವಾಗಿ ಕೇಳುತ್ತದೆ. ವಾಟ್ಸಾಪಿನಲ್ಲಿ ಹೇಳಿದ್ದರೆ ಅಳಿಸಬೇಡ.

ರಿಜಿಸ್ಟ್ರೇಷನ್ ಹೋಗಿಬಿಡುತ್ತೆ ಅನ್ನೋ ಹೆದರಿಕೆಯೂ ನಿನಗಿರಬಹುದು, ಬರೆದಿಲ್ಲ ಅಷ್ಟೇ. ನಮ್ಮ ರಾಜ್ಯದಲ್ಲಿ 1961ರ ಕಾಯ್ದೆಯ ಕೆಳಗೆ ಕೌನ್ಸಿಲ್ ನಡೆದುಕೊಂಡು ಬಂದಿದೆ. ದೇಶಕ್ಕೆಲ್ಲ 1947ರ ಕಾಯ್ದೆ ಇತ್ತು, ಅದರ ಜಾಗಕ್ಕೆ ಅಂತ 2023ರಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿದೆ. ಯಾವುದೇ ಆಗಲಿ, ನಿನ್ನ ಮಾತು ಕೇಳದೆ ಹೆಸರು ಹೊಡೆದುಹಾಕುವ ಹಾಗಿಲ್ಲ. ನೀನು ಮಾತ್ರ ರಿನೀವಲ್ ತಪ್ಪಿಸಬೇಡ. ಒರಿಜಿನಲ್ ಸರ್ಟಿಫಿಕೇಟ್ ಆಸ್ಪತ್ರೆಯವರ ಕೈಯಲ್ಲಿ ಬಿಟ್ಟಿದ್ದರೆ ಹೋಗಿ ಇಸ್ಕೋ.

ಅವತ್ತು ನನ್ನ ಜೊತೆಗಿದ್ದ ಆ ಹುಡುಗಿಯ ವಿಳಾಸ ನನ್ನ ಹಳೆಯ ಡೈರಿಯಲ್ಲಿದೆ. ನಾಳೆ ಅವಳಿಗೂ ಒಂದು ಕಾಗದ ಬರೆಯೋಣ ಅಂತಿದ್ದೇನೆ. ಅಲ್ಲೇ ಇದ್ದಾಳೋ ಇಲ್ಲವೋ.

ನಿನ್ನ ಪತ್ರದಲ್ಲಿ ಇನ್ನೊಂದು ವಿಷಯ ಬಿಟ್ಟಿದ್ದೀಯ. ಸೈನ್ ಆಗದೆ ಉಳಿದಿರುವ ಆರ್ಡರ್ ಒಂದೇನಾ, ಜಾಸ್ತಿ ಇದೆಯಾ? ಆ ರೋಗಿ ಈಗ ಹೇಗಿದ್ದಾರೆ? ನೈಟ್ ಮುಗಿದು ರೂಮಿಗೆ ಬಂದ ತಕ್ಷಣ ಫೋನ್ ಮಾಡು. ಎಷ್ಟು ಹೊತ್ತಾದರೂ ನಾನು ಎದ್ದಿರುತ್ತೇನೆ.

ಇಂತಿ ನಿನ್ನ
ದೊಡ್ಡಮ್ಮ