ಹೊಂದಾಣಿಕೆ ಬೇರೆ, ಒಗ್ಗೋದು ಬೇರೆ

ಮಾನ್ಯ ಸಂಪಾದಕರೇ,

ಪೇಪರ್‌ನಲ್ಲಿ ‘ಹೊಂದಾಣಿಕೆ’ ಅನ್ನೋ ಪದ ಕಂಡ್ರೆ ಈಗ ಮೊದಲು ನೆನಪಾಗೋದೇ ‘ಹೊಂದಾಣಿಕೆ ರಾಜಕೀಯ’, ಅಂದ್ರೆ ಒಳಗೊಳಗೇ ಕೈ ಜೋಡಿಸೋದು. ಎಂಥ ಒಳ್ಳೇ ಪದ, ಕೆಟ್ಟ ಹೆಸರು ತಗೊಂಡ್ಬಿಡ್ತು. ಮನೇಲಿ ಹೆಣ್ಮಕ್ಕಳಿಗೆ ‘ಹೊಂದ್ಕೊಂಡು ಹೋಗಮ್ಮ’ ಅಂದ್ರೂ ಸಹಿಸ್ಕೋ ಅಂತಾನೇ ಅರ್ಥ, ನಂಗಿದು ನಿಜವಾಗ್ಲೂ ಬೇಜಾರು.

ಸುತ್ತಲಿನದು ಬದಲಾದಾಗ ತಾನೂ ಬದಲಾಗೋ ಶಕ್ತಿಗೆ ನಮ್ಮಲ್ಲಿ ‘ಒಗ್ಗು’ ಅಂತ ಚಂದದ ಪದ ಇದೆ, ಇಲ್ಲಿನ ನೀರು ಇನ್ನೂ ಮೈಗೆ ಒಗ್ಗಿಲ್ಲ ಅಂತೀವಿ, ಲೈಟ್ ಹೋದಾಗ ಕಣ್ಣು ಕತ್ತಲೆಗೆ ಒಗ್ಗೋಕೆ ಸ್ವಲ್ಪ ಹೊತ್ತು ಬೇಕು ಅಂತೀವಿ, ಅಲ್ಲಿ ಸೋಲೂ ಇಲ್ಲ ಬಲವಂತಾನೂ ಇಲ್ಲ. ವಿಜ್ಞಾನದ ಲೇಖನದಲ್ಲಿ ಈ ಶಕ್ತಿಗೆ (ಇಂಗ್ಲಿಷ್‌ನ ಅಡಾಪ್ಟೇಶನ್) ‘ಅನುಕೂಲನ’ ಅಂತ ಬರೆಯೋ ಬದ್ಲು ‘ಒಗ್ಗುವ ಗುಣ’ ಅಂತ ಬರೀರಿ, ಸ್ಕೂಲ್ ಮಕ್ಕಳಿಗೂ ತಕ್ಷಣ ಅರ್ಥ ಆಗುತ್ತೆ.

– ಓದುಗ